ಚಳಿಗಾಲದ ಗುಡುಗು: ಥಾಣೆ–ಕಲ್ಯಾಣ್ ಸೀಮೆಯಲ್ಲಿ ಮುನ್ಸೂಚನೆಯ ಅಳವು

2023ರ ನವೆಂಬರ್ 26, ಭಾನುವಾರ. ದೀಪಾವಳಿ ಕಳೆದು ಎರಡು ವಾರವಾಗಿತ್ತು. ಮುಂಬಯಿ, ಥಾಣೆ, ಪಾಲ್ಘರ್ ಸೀಮೆಯ ಮೇಲೆ ಮೋಡ ಕವಿದು ಗುಡುಗಿನೊಡನೆ ಮಳೆ ಬಂತು. ಅದೇ ಹವೆ ನಾಸಿಕದ ನಿಫಾಡ್ ಕಡೆ ಆಲಿಕಲ್ಲು ಸುರಿಸಿ ದ್ರಾಕ್ಷಿ ತೋಟಗಳನ್ನು ಹಾಳುಗೆಡವಿತು. ಗುಜರಾತಿನಲ್ಲಿ ಸಿಡಿಲು ಬಡಿದು 20ಕ್ಕೂ ಹೆಚ್ಚು ಜನ ಸತ್ತರು. ಇದು ಹೇಳದೆ ಕೇಳದೆ ಬಂದ ಮಳೆಯಲ್ಲ. ಹವಾಮಾನ ಇಲಾಖೆ ಮೊದಲೇ ಎಚ್ಚರಿಕೆ ಕೊಟ್ಟಿತ್ತು. ಎಚ್ಚರಿಕೆ ಇದ್ದೂ ಇಷ್ಟು ಜೀವ ಹೋದದ್ದು ಯಾಕೆ ಎಂಬ ಪ್ರಶ್ನೆ ಅಂದಿನಿಂದಲೂ ಉಳಿದುಕೊಂಡಿದೆ.

ಮುಂದಿನ ಮೂರು, ಐದು, ಏಳು ದಿನಗಳಲ್ಲಿ ಗುಡುಗು ಸಿಡಿಲಿನ ಅಪಾಯ ಎಷ್ಟು ಎಂದು ಚಳಿಗಾಲದಲ್ಲಿ ಹೇಳಲು ಸಾಧ್ಯವೆ? ಸಾಧ್ಯವಾದರೆ ಎಷ್ಟು ಖಚಿತವಾಗಿ? ಹೇಳಿದ್ದನ್ನು ಡೊಂಬಿವಲಿಯ ಗೃಹಸ್ಥ, ಮುರ್ಬಾಡದ ರೈತ, ವಾಶಿಯ ಪೆಂಡಾಲಿನವ ಹೇಗೆ ಅರ್ಥಮಾಡಿಕೊಳ್ಳಬೇಕು? ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಗುಡುಗು ಮೋಡ ಹುಟ್ಟಬಹುದಾದ ಹವೆಯನ್ನು ನಾಲ್ಕೈದು ದಿನ ಮೊದಲೇ ಗುರುತಿಸುವಷ್ಟು ವಿದ್ಯೆ ಬೆಳೆದಿದೆ. ಆ ಮೋಡ ಯಾರ ತಲೆಯ ಮೇಲೆ ಹುಟ್ಟುತ್ತದೆ ಎಂದು ಹೇಳುವುದು ಇವತ್ತಿಗೂ ಎರಡು ಮೂರು ಗಂಟೆಯ ಮಾತು. ಈ ಎರಡರ ನಡುವೆ ಇರುವ ಅಂತರವನ್ನು ಜನರಿಗೆ ತಿಳಿಯುವಂತೆ ಹೇಳುವ ಕೆಲಸ ಮಾತ್ರ ತೀರ ಹಿಂದೆ ಬಿದ್ದಿದೆ.

ಪಂಚಾಂಗದ ಲೆಕ್ಕ, ಇಲಾಖೆಯ ಲೆಕ್ಕ

ನಮ್ಮ ಹಿರಿಯರ ಮಳೆ ನಕ್ಷತ್ರಗಳ ಎಣಿಕೆ ವಿಶಾಖ, ಅನೂರಾಧಗಳ ಹೊತ್ತಿಗೆ, ಅಂದರೆ ನವೆಂಬರಿನ ಕೊನೆಗೆ ಮುಗಿಯುತ್ತದೆ. ಆಮೇಲೆ ಮೋಡ ಕಂಡರೂ ಅದನ್ನು ಮಳೆಯ ಲೆಕ್ಕಕ್ಕೆ ಸೇರಿಸುವ ರೂಢಿ ಇಲ್ಲ. ಹವಾಮಾನ ಇಲಾಖೆಯ ವಿಭಾಗ ಬೇರೆ: ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮುಂಗಾರು ಕಳೆದ ಕಾಲ, ಜನವರಿ, ಫೆಬ್ರುವರಿ ಎರಡೇ ತಿಂಗಳು ಚಳಿಗಾಲ. ಥಾಣೆ, ಕಲ್ಯಾಣದ ಜನರ ಅನುಭವದಲ್ಲಾದರೋ ದೀಪಾವಳಿಯಿಂದ ಹೋಳಿಯವರೆಗೂ ಚಳಿಗಾಲವೇ. ಈ ಲೇಖನದಲ್ಲಿ ನಾನು ಹಿಡಿದಿರುವುದು ಜನರ ಲೆಕ್ಕವನ್ನು, ಏಕೆಂದರೆ ಮಳೆಯನ್ನು ಮರೆತು ಕೆಲಸ ಹಮ್ಮಿಕೊಳ್ಳುವ ಅವಧಿ ಅದೇ.

ಮುಂಗಾರಿನ ನಾಲ್ಕು ತಿಂಗಳಲ್ಲಿ ಸಾಂತಾಕ್ರೂಜ್ ವೀಕ್ಷಣಾಲಯ ಸರಾಸರಿ 2300 ಮಿ.ಮೀ. ಮಳೆ ಕಾಣುತ್ತದೆ. ಜನವರಿಯ ಸರಾಸರಿ, ಫೆಬ್ರುವರಿಯ ಸರಾಸರಿ ಒಂದು ಮಿಲಿಮೀಟರಿನ ಆಸುಪಾಸು. ಅಷ್ಟರಮಟ್ಟಿಗೆ ಇದು ಒಣ ಕಾಲ. ಆದರೆ ಸರಾಸರಿಯೆಂಬುದು ಹಲವು ಒಣ ವರ್ಷಗಳನ್ನೂ ಒಂದೆರಡು ನೆನೆದ ವರ್ಷಗಳನ್ನೂ ಕೂಡಿಸಿ ಭಾಗಿಸಿದ ಅಂಕಿ. 2021ರ ಡಿಸೆಂಬರ್ 1ರ ಬೆಳಗಿನಿಂದ ಮರುದಿನ ಬೆಳಗಿನೊಳಗೆ ಮುಂಬಯಿಯಲ್ಲಿ ಸುಮಾರು 90 ಮಿ.ಮೀ. ಮಳೆ ಸುರಿಯಿತು. ಆ ಒಂದು ದಿನ ಹಲವಾರು ವರ್ಷಗಳ ಡಿಸೆಂಬರ್ ಮಳೆಯನ್ನು ಒಟ್ಟಿಗೆ ತಂದಿತ್ತು. ಪುಣೆ ಜಿಲ್ಲೆಯ ಜುನ್ನರ್ ಕಡೆ ಬಯಲಲ್ಲಿ ತಂಗಿದ್ದ ಸಾವಿರಕ್ಕೂ ಹೆಚ್ಚು ಕುರಿ ಮೇಕೆಗಳು ಚಳಿ ಮಳೆಗೆ ಸತ್ತವು. ಅಪರೂಪದ್ದಕ್ಕೆ ಯಾರೂ ಸಿದ್ಧರಿರುವುದಿಲ್ಲ. ಅಪರೂಪದ ಮಳೆ ಹೆಚ್ಚು ನೋಯಿಸುವುದು ಅದರಿಂದಲೇ.

ಮೂರು ಕೂಡಬೇಕು

ಗುಡುಗು ಮೋಡ ಹುಟ್ಟಲು ಮೂರು ಸಂಗತಿ ಒಟ್ಟಿಗೆ ಕೂಡಬೇಕು. ಒಂದು, ನೆಲಮಟ್ಟದ ಗಾಳಿಯಲ್ಲಿ ಸಾಕಷ್ಟು ತೇವ. ಎರಡು, ಮೇಲೆ ಏರಿದಂತೆ ಗಾಳಿ ಬೇಗ ಬೇಗ ತಣ್ಣಗಾಗುವ ಏರ್ಪಾಡು; ಆಗ ಕೆಳಗಿನ ಬಿಸಿ ಗಾಳಿ ಸುತ್ತಲಿನದಕ್ಕಿಂತ ಹಗುರಾಗಿ ತಾನೇ ಮೇಲೇರುತ್ತದೆ. ಮೂರು, ಮೊದಲ ಬಾರಿ ಅದನ್ನು ಮೇಲಕ್ಕೆ ನೂಕುವ ಕೈ: ಬೆಟ್ಟದ ಇಳಿಜಾರು, ಎದುರುಬದುರಾಗುವ ಎರಡು ಗಾಳಿ, ಅಥವಾ ಮೇಲ್ಮಟ್ಟದಲ್ಲಿ ಹಾದುಹೋಗುವ ಗಾಳಿಯ ತಗ್ಗು.

ಥಾಣೆ ಸೀಮೆಯ ಮಾಮೂಲಿ ಚಳಿಗಾಲದಲ್ಲಿ ಈ ಮೂರರಲ್ಲಿ ಒಂದೂ ಸರಿಯಾಗಿ ಇರುವುದಿಲ್ಲ. ಬಡಗು ಮೂಡು ದಿಕ್ಕಿನಿಂದ ಒಣ ಗಾಳಿ ಬೀಸುತ್ತದೆ. ಎತ್ತರದಲ್ಲಿ ಗಾಳಿ ಕೆಳಕ್ಕೆ ಕುಸಿಯುತ್ತ ಬಿಸಿಯಾಗಿ, ನೆಲಮಟ್ಟದ ಗಾಳಿಯ ಮೇಲೆ ಮುಚ್ಚಳದಂತೆ ಕೂರುತ್ತದೆ. ಚಳಿಗಾಲದ ಬೆಳಿಗ್ಗೆ ಡೊಂಬಿವಲಿಯ ಕೈಗಾರಿಕಾ ವಲಯದ ಹೊಗೆ, ಭಿವಂಡಿ ರಸ್ತೆಯ ಧೂಳು ಮೇಲಕ್ಕೆ ಹೋಗದೆ ಕಟ್ಟಡಗಳ ನಡುವೆ ನಿಂತುಬಿಡುವುದೂ ಇಂಥದೇ ಒಂದು ಮುಚ್ಚಳದಿಂದ. ಹೊಗೆ ಏರಲಾರದ ಗಾಳಿಯಲ್ಲಿ ಮೋಡವೂ ಏರಲಾರದು.

ಮೋಡ ಗುಡುಗಬೇಕಾದರೆ ಅದು ಹೆಪ್ಪುಗಟ್ಟುವ ಎತ್ತರವನ್ನು ದಾಟಿ ಇನ್ನೂ ಬಹಳ ಮೇಲೆ ಬೆಳೆಯಬೇಕು. ನಮ್ಮ ಸೀಮೆಯಲ್ಲಿ ಆ ಎತ್ತರ ನೆಲದಿಂದ ನಾಲ್ಕೈದು ಕಿಲೋಮೀಟರ್. ಅಲ್ಲಿಂದ ಮೇಲೆ ಮಂಜಿನ ಹರಳುಗಳೂ ಮೆತ್ತನೆಯ ಸಣ್ಣ ಆಲಿಕಲ್ಲುಗಳೂ ಒಂದಕ್ಕೊಂದು ಡಿಕ್ಕಿ ಹೊಡೆದು ವಿದ್ಯುತ್ತಿನ ಧನ ಋಣ ಭಾಗಗಳು ಬೇರ್ಪಡುತ್ತವೆ. ಮಿಂಚಿನ ಮೂಲ ಇದು. ಆದ್ದರಿಂದ ಮಳೆ ಬಂದಲ್ಲೆಲ್ಲ ಸಿಡಿಲು ಬರಬೇಕೆಂದಿಲ್ಲ. 2021ರ ಡಿಸೆಂಬರಿನದು ಮುಖ್ಯವಾಗಿ ಬಿಡದೆ ಸುರಿದ ಮಳೆ. 2023ರ ನವೆಂಬರಿನದು ಗುಡುಗಿನ ಮಳೆ. ಮುನ್ಸೂಚನೆಯನ್ನು ತೂಗುವಾಗ ಇವೆರಡನ್ನು ಬೇರೆ ಬೇರೆಯಾಗಿ ನೋಡಬೇಕು.

ಎರಡು ಬಾಗಿಲು

ಒಣ ಚಳಿಗಾಲದ ಮನೆಯೊಳಗೆ ಮೋಡ ನುಗ್ಗುವುದು ಎರಡು ಬಾಗಿಲಿನಿಂದ. ಒಂದು ಬಡಗಣ ಬಾಗಿಲು. ಮೆಡಿಟರೇನಿಯನ್ ಕಡೆಯಿಂದ ಹೊರಟು ಇರಾನ್, ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಹಿಮಾಲಯಕ್ಕೆ ಬರುವ ಗಾಳಿಯ ಸುಳಿಗಳಿವೆ. ಇಲಾಖೆಯ ಮಾತಿನಲ್ಲಿ ವೆಸ್ಟರ್ನ್ ಡಿಸ್ಟರ್ಬೆನ್ಸ್, ಕನ್ನಡದಲ್ಲಿ ಪಶ್ಚಿಮದ ವಿಕ್ಷೋಭೆ. ಪಂಜಾಬಿನ ಗೋಧಿಗೆ ನೀರುಣಿಸುವುದೂ ಕಾಶ್ಮೀರಕ್ಕೆ ಹಿಮ ತರುವುದೂ ಇವೇ. ಸಾಮಾನ್ಯವಾಗಿ ಮುಂಬಯಿಗೆ ಇವುಗಳಿಂದ ಸಿಗುವುದು ಒಂದೆರಡು ದಿನದ ಒಳ್ಳೆಯ ಚಳಿ. 2022ರ ಜನವರಿ 23ರಂದು ಇಂಥ ಒಂದು ವಿಕ್ಷೋಭೆ ಪಾಕಿಸ್ತಾನದ ಕಡೆಯ ಧೂಳನ್ನೇ ಮುಂಬಯಿವರೆಗೆ ಹೊತ್ತು ತಂದು ಸೂರ್ಯನನ್ನು ಮಂಕು ಮಾಡಿತ್ತು. ವಿಕ್ಷೋಭೆಯ ಬಾಲ ದಕ್ಷಿಣಕ್ಕೆ ಚಾಚಿ ಅರಬ್ಬಿ ಸಮುದ್ರದ ಮೇಲೆ ಇಳಿದಾಗ ಮಾತ್ರ ಕತೆ ಬದಲಾಗುತ್ತದೆ.

ಇನ್ನೊಂದು ತೆಂಕಣ ಬಾಗಿಲು. ಬಂಗಾಳ ಕೊಲ್ಲಿಯಿಂದ ತಮಿಳುನಾಡು, ಕೇರಳ ದಾಟಿ ಪಶ್ಚಿಮಕ್ಕೆ ಸಾಗುವ ಮೂಡಣ ಗಾಳಿಯ ಅಲೆಗಳು, ಅರಬ್ಬಿ ಸಮುದ್ರದ ವಾಯುಭಾರ ಕುಸಿತಗಳು, ಅಪರೂಪಕ್ಕೆ ಚಂಡಮಾರುತಗಳು ಈ ದಾರಿಯಲ್ಲಿ ಬರುತ್ತವೆ. 2009ರ ನವೆಂಬರ್ 11ರಂದು ಫಯಾನ್ ಚಂಡಮಾರುತ ಅಲಿಬಾಗ್ ಮತ್ತು ಮುಂಬಯಿ ನಡುವೆ ದಡ ಮುಟ್ಟಿತು. 2017ರ ಡಿಸೆಂಬರಿನಲ್ಲಿ ಓಖಿ ದಕ್ಷಿಣ ಗುಜರಾತಿನ ಕಡೆ ಸಾಗುತ್ತ ದುರ್ಬಲವಾಯಿತಾದರೂ, ಮುಂಬಯಿ, ಥಾಣೆ, ರಾಯಗಡ, ಪಾಲ್ಘರ್‌ಗಳಲ್ಲಿ ಡಿಸೆಂಬರ್ 5ರಂದು ಶಾಲೆಗಳಿಗೆ ರಜೆ ಕೊಡಿಸಿತು.

ತೆಂಕಣ ಬಾಗಿಲು ತೆರೆದ ಮಾತ್ರಕ್ಕೆ ಮಳೆಯೇ ಬರುತ್ತದೆ ಎಂದಲ್ಲ. 2024ರ ನವೆಂಬರ್ ಕೊನೆಯಲ್ಲಿ ಪುದುಚೇರಿ ಬಳಿ ದಡ ಸೇರಿದ ಫೆಂಗಲ್ ಚಂಡಮಾರುತದ ಉಳಿಕೆ ಡಿಸೆಂಬರ್ ಮೊದಲ ವಾರ ಅರಬ್ಬಿ ಸಮುದ್ರಕ್ಕೆ ಇಳಿಯಿತು. ಮಂಗಳೂರು, ಉಡುಪಿ ಕಡೆ ಮಳೆ ಸುರಿದ ಆ ದಿನಗಳಲ್ಲೇ ಮೂಡಣ ಗಾಳಿ ಜೋರಾಗಿ ಮುಂಬಯಿಯ ಹಗಲಿನ ತಾಪ 37 ಡಿಗ್ರಿ ದಾಟಿತು. ಆ ಕಡೆಯ ಊರಿಂದ ಫೋನು ಮಾಡಿದವರು ಅಲ್ಲಿ ಮಳೆ ಎನ್ನುತ್ತಿದ್ದರೆ ಇಲ್ಲಿ ಫ್ಯಾನು ತಿರುಗುತ್ತಿತ್ತು.

ಈ ಸೀಮೆಯ ಚಳಿಗಾಲದ ದೊಡ್ಡ ಮಳೆಗಳನ್ನು ನೋಡಿದರೆ ಒಂದು ಮಾತು ಎದ್ದು ಕಾಣುತ್ತದೆ. 2021ರಲ್ಲಿಯೂ 2023ರಲ್ಲಿಯೂ ಎರಡು ಬಾಗಿಲುಗಳು ಒಟ್ಟಿಗೆ ತೆರೆದಿದ್ದವು. ತೆಂಕಣದಿಂದ ಸಮುದ್ರದ ತೇವ ಬಂತು. ಬಡಗಣದಿಂದ ಬಂದ ವಿಕ್ಷೋಭೆ ಮೇಲ್ಮಟ್ಟದಲ್ಲಿ ತಣ್ಣನೆಯ ಗಾಳಿ ತಂದು ಆ ತೇವವನ್ನು ಎತ್ತಿಹಿಡಿಯಿತು. ಒಂದೇ ತೆರೆದಾಗ ಸಾಮಾನ್ಯವಾಗಿ ಮೋಡ, ತುಂತುರು, ಸೆಕೆ ಅಥವಾ ಚಳಿ. ಎರಡೂ ತೆರೆದಾಗ ಮಳೆ, ಗುಡುಗು, ಒಳನಾಡಿನಲ್ಲಿ ಆಲಿಕಲ್ಲು. ಮುಂದಿನ ವಾರದ ಅಪಾಯವನ್ನು ಅಳೆಯುವವನು ಮೊದಲು ನೋಡಬೇಕಾದ್ದು ಈ ಎರಡು ಬಾಗಿಲುಗಳನ್ನೇ.

ನೆಲದ ಗುಣ

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ ಎಂದು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಆದರೆ ನೆಲ ಒಂದೇ ಅಲ್ಲ. ವಾಶಿ, ಐರೋಲಿಗಳು ಥಾಣೆ ಕೊಲ್ಲಿಯ ಅಂಚಿನಲ್ಲಿವೆ. ಅವುಗಳ ಬೆನ್ನಿಗೆ ಪಾರ್ಸಿಕ್ ಗುಡ್ಡದ ಸಾಲು. ಥಾಣೆಯ ಒಂದು ಪಕ್ಕ ಕೊಲ್ಲಿ, ಇನ್ನೊಂದು ಪಕ್ಕ ಯೇವೂರಿನ ಕಾಡುಗುಡ್ಡ. ಕಲ್ಯಾಣ್ ಉಲ್ಹಾಸ್ ನದಿಯ ದಂಡೆ. ಅಲ್ಲಿಂದ ಮೂಡಣಕ್ಕೆ ಅಂಬರನಾಥ್, ಬದ್ಲಾಪುರ, ಮುರ್ಬಾಡ್. ಅದರಾಚೆ ಗೋಡೆಯಂತೆ ನಿಂತ ಸಹ್ಯಾದ್ರಿ, ಮಾಳಶೇಜ್ ಘಾಟು.

ಮಧ್ಯಾಹ್ನ ಕಡಲಗಾಳಿ ಒಳಕ್ಕೆ ನುಗ್ಗುತ್ತದೆ. ಮೂಡಣದಿಂದ ಬೀಸುವ ಗಾಳಿ ಅದನ್ನು ಘಟ್ಟದ ಬುಡದಲ್ಲಿ ಎದುರುಗೊಳ್ಳುತ್ತದೆ. ತೇವವಿರುವ ದಿನ ಇವೆರಡೂ ಕೂಡಿದ ಗೆರೆಯ ಮೇಲೆ ಮೋಡ ಏಳುತ್ತದೆ. ಅಕ್ಟೋಬರಿನ ಗುಡುಗು ಮಳೆಗಳಲ್ಲಿ ಇದನ್ನು ವರ್ಷ ವರ್ಷವೂ ನೋಡಬಹುದು: ಮಧ್ಯಾಹ್ನ ಘಟ್ಟದ ಮೇಲೆ ಮೋಡ, ಇಳಿಹೊತ್ತಿಗೆ ಮುರ್ಬಾಡ್, ಕರ್ಜತ್, ಬದ್ಲಾಪುರದಲ್ಲಿ ಗುಡುಗು, ಸಂಜೆಗೆ ಕಲ್ಯಾಣ್, ಡೊಂಬಿವಲಿ, ಮೇಲಿನ ಮೂಡಣ ಗಾಳಿಗೆ ಬಲವಿದ್ದರೆ ಥಾಣೆ, ನವಿಮುಂಬಯಿವರೆಗೂ ಬಂದು ಕೊಲ್ಲಿಯ ಮೇಲೆ ಕರಗುತ್ತದೆ. ಆದ್ದರಿಂದ ಸಂಜೆಯ ಲೋಕಲಿನಲ್ಲಿ ದಾದರಿನಿಂದ ಮನೆಗೆ ಹೊರಟವನು ಕಲ್ಯಾಣದ ಮೂಡಣ ಬಾನನ್ನು ಗಮನಿಸಬೇಕು. ಚಳಿಗಾಲದ ವಿಕ್ಷೋಭೆಯ ದಿನಗಳಲ್ಲಿ ಮಾತ್ರ ಮೋಡದ ನಡೆ ಬೇರೆ: ಮೇಲಿನ ಗಾಳಿ ನೈಋತ್ಯ ಅಥವಾ ಪಡುವಣದ್ದಾದರೆ ಮೋಡಗಳು ಕಡಲಿನ ಕಡೆಯಿಂದಲೇ ಬರುತ್ತವೆ, ಸಂಜೆಯ ನಿಯಮವಿಲ್ಲ, ನಡುರಾತ್ರಿಯೂ ಗುಡುಗಬಹುದು.

ಸ್ಥಳಭೇದ ಎಷ್ಟಿರಬಹುದು ಎಂಬುದಕ್ಕೆ ಮುಂಬಯಿಯೇ ದೊಡ್ಡ ಸಾಕ್ಷಿ. 2005ರ ಜುಲೈ 26ರ ಮಹಾಮಳೆಯಲ್ಲಿ ಸಾಂತಾಕ್ರೂಜ್ 944 ಮಿ.ಮೀ. ಕಂಡಾಗ ಕೊಲಾಬಾ ಕಂಡದ್ದು 73 ಮಿ.ಮೀ. ಮಳೆಗಾಲದ ದೊಡ್ಡ ವ್ಯವಸ್ಥೆಯಲ್ಲೇ ಹೀಗಾದರೆ, ಹತ್ತು ಕಿಲೋಮೀಟರ್ ಅಗಲದ, ಒಂದು ಗಂಟೆ ಬಾಳುವ ಗುಡುಗು ಮೋಡದ ಮಾತೇನು?

ದಿನಗಳ ಮೆಟ್ಟಿಲು

ಮುನ್ಸೂಚನೆಯನ್ನು ಒಂದೇ ಉತ್ತರವೆಂದು ತಿಳಿಯುವುದು ಸಾಮಾನ್ಯ ತಪ್ಪು. ಅದು ಮೆಟ್ಟಿಲುಗಳ ಸಾಲು. ಪ್ರತಿ ಮೆಟ್ಟಿಲಿಗೂ ತನ್ನದೇ ಪ್ರಶ್ನೆ, ತನ್ನದೇ ಸಾಧನ.

ಮೊದಲ ಮೆಟ್ಟಿಲು ಏಳು ದಿನ ಮತ್ತು ಅದಕ್ಕೂ ಹಿಂದಿನದು. ಇಲ್ಲಿ ಕೇಳಬಹುದಾದ ಪ್ರಶ್ನೆ ಒಂದೇ: ಬಾಗಿಲು ತೆರೆಯುವ ಸೂಚನೆ ಇದೆಯೇ? ಹವಾಮಾನ ಇಲಾಖೆ ಪ್ರತಿ ಗುರುವಾರ ಮುಂದಿನ ನಾಲ್ಕು ವಾರಗಳ ವಿಸ್ತೃತ ಮುನ್ಸೂಚನೆ ಹೊರಡಿಸುತ್ತದೆ. ಅದರಲ್ಲಿ ವಾರದ ಮಟ್ಟಿಗೆ ಒಣವೋ ತೇವವೋ ಎಂಬುದು ಕಾಣುತ್ತದೆ; ಗುಡುಗಿನ ದಿನ ಕಾಣುವುದಿಲ್ಲ. ಎಡ್ವರ್ಡ್ ಲೊರೆಂಜ್ 1963ರಲ್ಲಿ ತೋರಿಸಿಕೊಟ್ಟಂತೆ, ಆರಂಭದ ಅಳತೆಯಲ್ಲಿನ ಅತಿ ಸಣ್ಣ ವ್ಯತ್ಯಾಸವೂ ದಿನ ಕಳೆದಂತೆ ಬೆಳೆದು ಎರಡು ವಾರದ ಹೊತ್ತಿಗೆ ಇಡೀ ಚಿತ್ರವನ್ನೇ ಬದಲಿಸಬಲ್ಲದು. ಗುಡುಗು ಮೋಡದಂಥ ಸಣ್ಣ ವಸ್ತುವಿನ ವಿಷಯದಲ್ಲಿ ಆ ಗಡುವು ವಾರಗಳದ್ದಲ್ಲ, ಗಂಟೆಗಳದ್ದು.

ಎರಡನೆಯ ಮೆಟ್ಟಿಲು ಮೂರರಿಂದ ಐದು ದಿನ. ವಿಕ್ಷೋಭೆ ಎಷ್ಟು ದಕ್ಷಿಣಕ್ಕೆ ಇಳಿದೀತು, ಸಮುದ್ರದ ತೇವ ಅದೇ ಹೊತ್ತಿಗೆ ಕೊಂಕಣಕ್ಕೆ ಬಂದೀತೇ ಎಂಬುದು ಇಲ್ಲಿನ ಪ್ರಶ್ನೆ. ಇದಕ್ಕೆ ಸಮೂಹ ಮುನ್ಸೂಚನೆ ಬೇಕು. ಸ್ವಲ್ಪ ಸ್ವಲ್ಪ ಬೇರೆಯಾದ ಆರಂಭಗಳಿಂದ ಒಂದೇ ಗಣಕ ಮಾದರಿಯನ್ನು ಹಲವು ಬಾರಿ ಓಡಿಸುವ ವಿಧಾನ ಇದು. ಯುರೋಪ್, ಅಮೆರಿಕಗಳಲ್ಲಿ 1992ರಿಂದ ಬಳಕೆಯಲ್ಲಿದೆ. ನಮ್ಮಲ್ಲಿ 2018ರಲ್ಲಿ 12 ಕಿ.ಮೀ. ಚೌಕಗಳ ಜಾಲದ, 21 ಓಟಗಳ ಸಮೂಹ ಬಂತು. 21ರಲ್ಲಿ ನಾಲ್ಕು ಓಟ ಮಾತ್ರ ಥಾಣೆಯ ಮೇಲೆ ಗುಡುಗು ತೋರಿಸಿದರೆ ಅದು ಸುಮಾರು ಶೇಕಡ 20ರ ಸಂಭವ. ಇದನ್ನು ಬರುತ್ತದೆ ಎಂದೂ ಓದಬಾರದು, ಬರುವುದಿಲ್ಲ ಎಂದೂ ಓದಬಾರದು.

ಮೂರನೆಯ ಮೆಟ್ಟಿಲು ನಾಳೆ, ನಾಡಿದ್ದು. ಸಾಂತಾಕ್ರೂಜಿನಿಂದ ದಿನಕ್ಕೆ ಎರಡು ಬಾರಿ, ಬೆಳಿಗ್ಗೆ 5.30 ಮತ್ತು ಸಂಜೆ 5.30ರ ಹೊತ್ತಿಗೆ ಉಪಕರಣ ಕಟ್ಟಿದ ಬಲೂನು ಮೇಲೆ ಹೋಗುತ್ತದೆ. ಅದು ಎತ್ತರದ ತಾಪ, ತೇವ, ಗಾಳಿಗಳನ್ನು ತಿಳಿಸುತ್ತದೆ. ಮುಚ್ಚಳ ಎಷ್ಟು ಗಟ್ಟಿ, ಅದು ಒಡೆದರೆ ಮೋಡ ಏರಲು ಎಷ್ಟು ಶಕ್ತಿ ಸಿಗುತ್ತದೆ ಎಂಬ ಲೆಕ್ಕ ಅದರಿಂದ ಬರುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ಸಂಸ್ಥೆ ರೂಪಿಸಿದ 6 ಕಿ.ಮೀ. ಜಾಲದ ‘ಭಾರತ್ ಫೋರ್ಕಾಸ್ಟ್ ಸಿಸ್ಟಮ್’ 2025ರ ಮೇ 26ರಿಂದ ಬಳಕೆಗೆ ಬಂದಿದೆ. ಥಾಣೆಯಿಂದ ಕಲ್ಯಾಣಕ್ಕೆ ರೈಲು ಹಾದಿಯಲ್ಲಿ ಸುಮಾರು 20 ಕಿ.ಮೀ. ಮೊಬೈಲ್ ಆ್ಯಪುಗಳು ಬಳಸುವ ಜಾಗತಿಕ ಮಾದರಿಗಳ ಎಷ್ಟೋ ಕಡತಗಳಲ್ಲಿ ಒಂದು ಚೌಕವೇ 28 ಕಿ.ಮೀ. ಉದ್ದಗಲದ್ದು, ಅದಕ್ಕೆ ಥಾಣೆ, ಡೊಂಬಿವಲಿ, ಕಲ್ಯಾಣ್ ಮೂರೂ ಒಂದೇ. 6 ಕಿ.ಮೀ. ಜಾಲದಲ್ಲಿ ಇವು ಬೇರೆ ಬೇರೆ ಚೌಕಗಳಾಗುತ್ತವೆ. ಇದು ದೊಡ್ಡ ಮುನ್ನಡೆ. ಆದರೆ ಗುಡುಗು ಮೋಡದ ಒಳಗಿನ ಏರುಗಾಳಿ ಅದಕ್ಕಿಂತಲೂ ಕಿರಿದು.

ನಾಲ್ಕನೆಯ ಮೆಟ್ಟಿಲು ಮೂರು ಗಂಟೆ. ಇಲ್ಲಿ ಊಹೆ ಕಡಿಮೆ, ಕಣ್ಣಿಗೆ ಕಂಡದ್ದು ಹೆಚ್ಚು. ಕೊಲಾಬಾದ ಡಾಪ್ಲರ್ ರಾಡಾರಿನ ಜೊತೆಗೆ 2022ರ ಜನವರಿಯಲ್ಲಿ ಅಂಧೇರಿ ಬಳಿಯ ವೆರಾವಲಿಯಲ್ಲಿ ಎರಡನೆಯದು ಬಂತು. ಹತ್ತು ನಿಮಿಷಕ್ಕೊಮ್ಮೆ ಮೋಡದ ಒಳಗಿನ ನೀರು ಎಲ್ಲಿದೆ, ಯಾವ ಕಡೆ ಸಾಗುತ್ತಿದೆ ಎಂದು ಇವು ಹೇಳುತ್ತವೆ. 2024ರ ಫೆಬ್ರುವರಿಯಲ್ಲಿ ಹಾರಿದ ಇನ್ಸಾಟ್ 3ಡಿಎಸ್ ಉಪಗ್ರಹವೂ ಅದರ ಹಿರಿಯ ಜೊತೆಗಾರ 3ಡಿಆರ್ ಕೂಡ ಮೇಲಿನಿಂದ ನೋಡುತ್ತವೆ. ಪುಣೆ ಸಂಸ್ಥೆಯ ಸಿಡಿಲು ಪತ್ತೆ ಜಾಲದ ಮೇಲೆ ನಿಂತ ‘ದಾಮಿನಿ’ ಆ್ಯಪು, ನೀವಿರುವ ಜಾಗದಿಂದ 20 ಮತ್ತು 40 ಕಿ.ಮೀ. ವರ್ತುಲದಲ್ಲಿ ಸಿಡಿಲು ಬಿದ್ದೊಡನೆ ತಿಳಿಸುತ್ತದೆ. ಬದ್ಲಾಪುರದಲ್ಲಿ ಬಿದ್ದ ಸಿಡಿಲು ಡೊಂಬಿವಲಿಯವನಿಗೆ ತಿಳಿಯಲು ಈಗ ನಿಮಿಷಗಳು ಸಾಕು.

ನೂರಕ್ಕೆ ತೊಂಬತ್ತೆಂಟರ ಮೋಸ

ಇಲಾಖೆ ಹೇಳಿದ್ದು ಎಷ್ಟು ಬಾರಿ ನಿಜವಾಯಿತು ಎಂದು ಕೇಳುವುದು ಸಹಜ. ಆದರೆ ಅಪರೂಪದ ಘಟನೆಗಳಲ್ಲಿ ಈ ಲೆಕ್ಕ ಸುಲಭವಾಗಿ ದಾರಿ ತಪ್ಪಿಸುತ್ತದೆ. 1884ರಲ್ಲಿ ಅಮೆರಿಕದ ಸೈನ್ಯದ ಜಾನ್ ಫಿನ್ಲಿ ಸುಂಟರಗಾಳಿಯ ಮುನ್ಸೂಚನೆ ಮಾಡಿದ. ಒಟ್ಟು 2803 ಮುನ್ಸೂಚನೆ. ನೂರಕ್ಕೆ 96.6 ಸರಿ ಎಂದು ಹೇಳಿಕೊಂಡ. ಜಿ. ಕೆ. ಗಿಲ್ಬರ್ಟ್ ಎಂಬ ಭೂವಿಜ್ಞಾನಿ ಆ ಲೆಕ್ಕವನ್ನು ತಿರುವಿ ನೋಡಿದ. ಸುಂಟರಗಾಳಿ ಬರುವುದಿಲ್ಲ ಎಂದು ದಿನವೂ ಹೇಳುತ್ತ ಕೂತಿದ್ದರೆ ನೂರಕ್ಕೆ 98.2 ಸರಿಯಾಗುತ್ತಿತ್ತು! ಹಾಗೆಂದು ಫಿನ್ಲಿ ನಿಷ್ಪ್ರಯೋಜಕನಲ್ಲ. ನಿಜವಾಗಿ ಬಂದ 51 ಸುಂಟರಗಾಳಿಗಳಲ್ಲಿ 28ನ್ನು ಅವನು ಮೊದಲೇ ಹೇಳಿದ್ದ. ಜೊತೆಗೆ 72 ಬಾರಿ ಸುಳ್ಳು ಎಚ್ಚರಿಕೆ ಕೊಟ್ಟಿದ್ದ.

ಥಾಣೆಯ ಚಳಿಗಾಲಕ್ಕೂ ಇದೇ ಪಾಠ. ಗುಡುಗಿಲ್ಲ ಎಂದು ದಿನವೂ ಹೇಳುವವನು ಹೆಚ್ಚುಕಡಿಮೆ ಯಾವಾಗಲೂ ಗೆಲ್ಲುತ್ತಾನೆ, ಯಾರಿಗೂ ಉಪಕಾರವಾಗುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಎರಡು: ಬಂದ ಗುಡುಗುಗಳಲ್ಲಿ ಎಷ್ಟನ್ನು ಮೊದಲೇ ಹೇಳಿದರು? ಹೇಳಿದ ಎಚ್ಚರಿಕೆಗಳಲ್ಲಿ ಎಷ್ಟು ಹುಸಿಯಾದವು? ಮೊದಲನೆಯದನ್ನು ಹೆಚ್ಚಿಸಹೊರಟರೆ ಎರಡನೆಯದೂ ಹೆಚ್ಚುತ್ತದೆ. ಜೀವ ಉಳಿಸುವ ಎಚ್ಚರಿಕೆಯಲ್ಲಿ ಒಂದಷ್ಟು ಹುಸಿಯನ್ನು ಸಹಿಸುವುದು ನಾಗರಿಕರ ಕಡೆಯ ಪಾಲು. ಹುಸಿಯನ್ನು ಮುಚ್ಚಿಡದೆ ಲೆಕ್ಕ ಕೊಡುವುದು ಇಲಾಖೆಯ ಕಡೆಯ ಪಾಲು.

ಜಿಲ್ಲೆ ಎಂಬ ದೊಡ್ಡ ಕೊಡೆ

ಇಲಾಖೆಯ ಎಚ್ಚರಿಕೆ ಬಣ್ಣಗಳಲ್ಲಿ ಬರುತ್ತದೆ. ಹಸಿರು ಎಂದರೆ ಎಚ್ಚರಿಕೆ ಇಲ್ಲ. ಹಳದಿ ಎಂದರೆ ಗಮನವಿರಲಿ. ಕಿತ್ತಳೆ ಎಂದರೆ ಸಿದ್ಧರಾಗಿ. ಕೆಂಪು ಎಂದರೆ ಕೆಲಸಕ್ಕೆ ಇಳಿಯಿರಿ. ಪ್ರಕಟಣೆಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಎಂದಿದ್ದರೆ ಜಿಲ್ಲೆಯ ಕೇಂದ್ರಗಳಲ್ಲಿ ಹೆಚ್ಚೆಂದರೆ ಕಾಲು ಭಾಗ ಮಾತ್ರ ಮಳೆ ಕಾಣುತ್ತವೆ ಎಂದರ್ಥ. ಮುಕ್ಕಾಲು ಭಾಗ ಒಣಗಿದ್ದರೂ ಆ ಮುನ್ಸೂಚನೆ ಸರಿಯೇ. ಇದು ತಿಳಿಯದೆ, ನಮ್ಮ ಗಲ್ಲಿಯಲ್ಲಿ ಮಳೆ ಬರಲಿಲ್ಲ, ಇಲಾಖೆ ಸುಳ್ಳು ಹೇಳಿತು ಎನ್ನುವವರು ಬಹಳ.

ತಪ್ಪು ಪೂರ್ತಿ ಜನರದ್ದೂ ಅಲ್ಲ. 2014ರಲ್ಲಿ ಪಾಲ್ಘರ್ ಬೇರೆಯಾದ ಮೇಲೂ ಥಾಣೆ ಜಿಲ್ಲೆಯಲ್ಲಿ ಏಳು ತಾಲ್ಲೂಕುಗಳಿವೆ: ಥಾಣೆ, ಕಲ್ಯಾಣ್, ಉಲ್ಹಾಸನಗರ, ಭಿವಂಡಿ, ಅಂಬರನಾಥ್, ಮುರ್ಬಾಡ್, ಶಹಾಪುರ. ಭಾಯಂದರಿನ ಉಪ್ಪಿನ ಗದ್ದೆಯಿಂದ ಮಾಳಶೇಜ್ ಘಾಟಿನವರೆಗೆ ಒಂದೇ ಬಣ್ಣ. ಘಟ್ಟದ ತಪ್ಪಲಿನ ಗುಡುಗಿಗೆ ಕೊಟ್ಟ ಹಳದಿ, ಕೊಲ್ಲಿಯ ಪಕ್ಕದ ಐರೋಲಿಗೂ ಹಳದಿಯೇ. ನವಿಮುಂಬಯಿಯ ಕತೆ ಇನ್ನೂ ವಿಚಿತ್ರ: ವಾಶಿ, ನೆರೂಲ್, ಬೇಲಾಪುರಗಳು ಥಾಣೆ ಜಿಲ್ಲೆ, ಅವುಗಳಿಗೆ ಅಂಟಿಕೊಂಡ ಖಾರ್ಘರ್, ಪನ್ವೇಲ್ ರಾಯಗಡ ಜಿಲ್ಲೆ. ಒಂದೇ ಮೋಡದ ಕೆಳಗೆ ರಸ್ತೆಯ ಆಚೆ ಈಚೆ ಎರಡು ಎಚ್ಚರಿಕೆ ಇರಬಹುದು. 2025ರ ಅಕ್ಟೋಬರ್ 8ರಂದು ಉದ್ಘಾಟನೆಯಾದ ನವಿಮುಂಬಯಿ ವಿಮಾನ ನಿಲ್ದಾಣಕ್ಕೆ ಅದರದೇ ಮುನ್ಸೂಚನೆ ಬೇಕಾಗುತ್ತದೆ; ವಿಮಾನಕ್ಕೆ ಕೊಡುವಷ್ಟು ಸೂಕ್ಷ್ಮವಾದ ಮಾಹಿತಿ ಅದರ ಬೇಲಿಯಾಚೆಗಿನ ಹಳ್ಳಿಗೂ ಸಿಗಬೇಕು ಎಂಬುದು ನ್ಯಾಯವಾದ ಮಾತು.

ಒಂದೇ ಸಂಭವ, ಬೇರೆ ಬೇರೆ ಬದುಕು

ಶೇಕಡ 20ರ ಗುಡುಗಿನ ಸಂಭವ ಎಂದರೆ ಏನು ಮಾಡಬೇಕು? ಉತ್ತರ ಕೇಳುವವನ ಕೆಲಸದ ಮೇಲೆ ಹೋಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಇಲ್ಲಿನ ಕನ್ನಡಿಗರ ಅಯ್ಯಪ್ಪ ಪೂಜೆ, ಮದುವೆಗಳು, ಸಂಘದ ಕ್ರೀಡಾಕೂಟಗಳು ಬಯಲಲ್ಲೇ ನಡೆಯುವುದು ಹೆಚ್ಚು. ಉದಾಹರಣೆಗೆ, ಪೆಂಡಾಲಿಗೆ ತಾಡಪಾಲು ಹೊದಿಸಲು ಎರಡು ಸಾವಿರ ಖರ್ಚು, ನೆನೆದರೆ ಇಪ್ಪತ್ತು ಸಾವಿರ ನಷ್ಟ ಎಂದಿಟ್ಟುಕೊಳ್ಳಿ. ಖರ್ಚು ನಷ್ಟದ ಹತ್ತನೆಯ ಒಂದು ಪಾಲು. ಹಾಗಾದರೆ ಸಂಭವ ಶೇಕಡ 10 ದಾಟಿದೊಡನೆ ಹೊದಿಸುವುದೇ ಜಾಣತನ. ಬರಿಯ ಸಂಜೆಯ ತಿರುಗಾಟಕ್ಕೆ ಹೊರಟವನಿಗೆ ಅದೇ ಶೇಕಡ 20 ಲೆಕ್ಕಕ್ಕೆ ಬರದು.

ಆದರೆ ಈ ಸೀಮೆಯಲ್ಲಿ ಚಳಿಗಾಲದ ಮಳೆಗೆ ನಿಜವಾಗಿ ಒಡ್ಡಿಕೊಂಡವರು ಪೆಂಡಾಲಿನವರಲ್ಲ. ಭಿವಂಡಿ, ಕಲ್ಯಾಣ್, ಮುರ್ಬಾಡ್, ಶಹಾಪುರಗಳ ಇಟ್ಟಿಗೆ ಭಟ್ಟಿಗಳಿಗೆ ಸುಗ್ಗಿ ಮುಗಿದ ಮೇಲೆ ಕಾತಕರಿ ಆದಿವಾಸಿ ಕುಟುಂಬಗಳು ಮಕ್ಕಳು ಮರಿಗಳೊಡನೆ ಬಂದು ಭಟ್ಟಿಯ ಪಕ್ಕದಲ್ಲೇ ಗುಡಿಸಲು ಹಾಕುತ್ತವೆ. ಒಂದು ರಾತ್ರಿಯ ಮಳೆಗೆ ಸಾವಿರಾರು ಹಸಿ ಇಟ್ಟಿಗೆಗಳು ಮಣ್ಣಾಗುತ್ತವೆ. ಬಯಲಿನ ಗುಡಿಸಲಿನಲ್ಲಿ ಸಿಡಿಲಿಗೆ ಮರೆ ಇಲ್ಲ. ಮೀನುಗಾರರ ಕೋಳಿವಾಡಗಳಲ್ಲಿ ಬಲೆಯ ಮೇಲೆ ಹರಡಿದ ಒಣಮೀನು, ಉಪ್ಪಿನ ಗದ್ದೆಯಲ್ಲಿ ಕಟ್ಟಿದ ಉಪ್ಪು, ಭತ್ತ ಕೊಯ್ದ ಗದ್ದೆಯ ವಾಲ್ ಅವರೆ, ನವೆಂಬರಿನಲ್ಲಿ ಕಣದಲ್ಲಿರುವ ಭತ್ತ, ಡಿಸೆಂಬರಿನಲ್ಲಿ ಹೂ ಬಿಡುವ ಮಾವು ಎಲ್ಲವೂ ಬಿಸಿಲನ್ನು ನಂಬಿ ನಿಂತವು. ಮಾವಿಗೆ ಮಳೆಗಿಂತ ಆಮೇಲಿನ ಮೋಡ ಕವಿದ ದಿನಗಳೇ ಕೆಟ್ಟವು. ಜಿಗಿಹುಳು, ಬೂದಿ ರೋಗ ಎರಡೂ ಆಗಲೇ ಏರುತ್ತವೆ. ಇವರಿಗೆ ಮೂರು ಗಂಟೆ ಮೊದಲಿನ ಎಚ್ಚರಿಕೆ ಜೀವ ಉಳಿಸಲು ಸಾಕು. ಬದುಕು ಉಳಿಸಲು ಮೂರು ದಿನ ಮೊದಲಿನ ಮಾತು ಬೇಕು.

ಆಗಬೇಕಾದದ್ದು

ಮಾದರಿಗಳು, ರಾಡಾರುಗಳು, ಉಪಗ್ರಹಗಳು ಬಂದಿವೆ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ 2000 ಕೋಟಿ ರೂಪಾಯಿಯ ‘ಮಿಷನ್ ಮೌಸಮ್’ ಇನ್ನಷ್ಟನ್ನು ತರುತ್ತದೆ. ಅರಬ್ಬಿ ಸಮುದ್ರ ಬಿಸಿಯಾಗುತ್ತಿದೆ. 1982–2000ರ ಅವಧಿಗಿಂತ 2001–2019ರಲ್ಲಿ ಅಲ್ಲಿನ ಚಂಡಮಾರುತಗಳು ಶೇಕಡ 52ರಷ್ಟು ಹೆಚ್ಚಿದವೆಂದು ಪುಣೆಯ ವಿಜ್ಞಾನಿಗಳು ತೋರಿಸಿದ್ದಾರೆ. ತೆಂಕಣ ಬಾಗಿಲ ಮೇಲೆ ಕಣ್ಣಿಡಲು ಇಷ್ಟು ಕಾರಣ ಸಾಕು.

ಇನ್ನು ಬೇಕಾದ್ದು ಕೊನೆಯ ಮೈಲಿಯ ಕೆಲಸ. ಕರ್ನಾಟಕದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6 ಸಾವಿರಕ್ಕೂ ಹೆಚ್ಚು ಮಳೆಮಾಪಕಗಳನ್ನು ಇಟ್ಟಿದೆ. ‘ಸಿಡಿಲು’ ಎಂಬ ಕನ್ನಡ ಹೆಸರಿನ ಆ್ಯಪನ್ನೇ ಕೊಟ್ಟಿದೆ. ‘ವರುಣಮಿತ್ರ’ ಸಹಾಯವಾಣಿಗೆ ರೈತ ಫೋನು ಮಾಡಿ ತನ್ನ ಹೋಬಳಿಯ ಹವೆ ಕೇಳಬಹುದು. ಮಹಾರಾಷ್ಟ್ರವೂ ಕಂದಾಯ ಮಂಡಲಗಳಲ್ಲಿ 2 ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಹವಾಮಾನ ಕೇಂದ್ರಗಳನ್ನು ಹಾಕಿದೆ. ಆ ಅಂಕಿಗಳು ಥಾಣೆಯ ಎಚ್ಚರಿಕೆಯನ್ನು ಜಿಲ್ಲೆಯಿಂದ ತಾಲ್ಲೂಕಿಗೆ, ಮಹಾನಗರಪಾಲಿಕೆಗೆ ಇಳಿಸಬೇಕು. ಬಣ್ಣದ ಜೊತೆ ಶೇಕಡಾವಾರು ಸಂಭವವನ್ನೂ ಹೇಳಬೇಕು. ಚಳಿಗಾಲ ಮುಗಿದಾಗ ಎಷ್ಟು ಹೇಳಿದೆವು, ಎಷ್ಟು ಬಂತು, ಎಷ್ಟು ಹುಸಿಯಾಯಿತು ಎಂಬ ಪಟ್ಟಿಯನ್ನು ಸಾರ್ವಜನಿಕರ ಮುಂದಿಡಬೇಕು. ಇಟ್ಟಿಗೆ ಭಟ್ಟಿಯ ಮಾಲೀಕನ ಮೊಬೈಲಿಗೆ ಬಂದ ಎಚ್ಚರಿಕೆ ಭಟ್ಟಿಯ ಕೂಲಿಯ ಕಿವಿಗೂ ಮುಟ್ಟುವ ಹೊಣೆಯನ್ನು ಯಾರಿಗಾದರೂ ವಹಿಸಬೇಕು.

ನಮ್ಮ ಕಡೆಯಿಂದ ಆಗಬೇಕಾದ್ದು ಕಷ್ಟದ್ದೇನಲ್ಲ. ವಾರದ ಮೊದಲು ಬಾಗಿಲುಗಳ ಸುದ್ದಿ ಕೇಳಿ. ಮೂರು ದಿನ ಮೊದಲು ಸಂಭವ ನೋಡಿ. ಹಿಂದಿನ ದಿನ ಬಣ್ಣ ನೋಡಿ. ಆ ದಿನ ರಾಡಾರು, ದಾಮಿನಿ ನೋಡಿ. ಗುಡುಗು ಕೇಳಿಸಿತೆಂದರೆ ಸಿಡಿಲು ಮುಟ್ಟುವಷ್ಟು ಹತ್ತಿರವಿದೆ ಎಂದೇ ತಿಳಿಯಿರಿ. ಮರದಡಿ, ತಗಡಿನ ಚಪ್ಪರದಡಿ, ಮೈದಾನದಲ್ಲಿ ನಿಲ್ಲದೆ ಗಟ್ಟಿ ಕಟ್ಟಡದೊಳಗೆ ಅಥವಾ ಮುಚ್ಚಿದ ಕಾರಿನೊಳಗೆ ಹೋಗಿ. ಕೊನೆಯ ಗುಡುಗು ಕೇಳಿದ ಮೇಲೂ ಅರ್ಧ ಗಂಟೆ ಹೊರಬರಬೇಡಿ. ಸಿಡಿಲು ತಾಗಿದವನ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಹೆದರದೆ ಮುಟ್ಟಿ, ಉಸಿರಾಟ ನಿಂತಿದ್ದರೆ ಎದೆ ಒತ್ತಿ, ಆಸ್ಪತ್ರೆಗೆ ಸಾಗಿಸಿ. 2022ರಲ್ಲಿ ಈ ದೇಶದಲ್ಲಿ ಸಿಡಿಲಿಗೆ ಸತ್ತವರು 2887 ಜನ.